ಅಂಗಳಕ್ಕೆ ಊರ ಹುಲ್ಲು: ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಒಕ್ಕಲಿನ ದಿನ ಹತ್ತಿರ ಬಂದಾಗ ಅಂಗಳದ ಮಾತು ಶುರುವಾಗುತ್ತದೆ. ಇಂಟರ್‌ಲಾಕ್ ಹಾಕಿಸುವುದಾ, ಲಾನ್ ಹಾಸುವುದಾ? ಎರಡೂ ಬೇಡ ಅನ್ನುವವರಿಗೆ ಮೂರನೆಯದೊಂದು ಇದೆ. ಇಲ್ಲಿಯ ಮಳೆ, ಬಿಸಿಲು, ಮುರಮಣ್ಣಿಗೆ ಮೊದಲೇ ಒಗ್ಗಿಕೊಂಡಿರುವ ಊರ ಹುಲ್ಲನ್ನೇ ಬೆಳೆಸುವುದು. ಈ ವಿಷಯ ಎತ್ತಿದರೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಉತ್ತರಗಳನ್ನು ಒಟ್ಟಿಗೆ ಬರೆದಿಟ್ಟಿದ್ದೇನೆ.

ಊರ ಹುಲ್ಲು ಅಂದರೆ ಅಂಗಳವನ್ನು ಹಾಗೇ ಕಾಡು ಬಿಡುವುದಾ?

ಅಲ್ಲ. ಸುಮ್ನೆ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಕಮ್ಯುನಿಸ್ಟ್ ಗಿಡ, ನಾಚಿಕೆಮುಳ್ಳು ಬಂದು ಕೂರುತ್ತವೆ. ಎರಡೂ ಅಮೆರಿಕ ಖಂಡದಿಂದ ಬಂದ ಗಿಡಗಳು, ಊರಿನವಲ್ಲ. ಇಲ್ಲಿ ಹೇಳುತ್ತಿರುವುದು ಆರಿಸಿ ಬೆಳೆಸುವ ವಿಷಯ. ಬೇಕಾದ ಹುಲ್ಲನ್ನು ಉಳಿಸಬೇಕು, ಬೇಡದ್ದನ್ನು ಕೀಳಬೇಕು, ಸರಿಯಾದ ಹೊತ್ತಿಗೆ ಹೆರೆಯಬೇಕು, ಅಂದರೆ ಕತ್ತರಿಸಬೇಕು. ಮೊದಲ ಎರಡು ವರ್ಷ ಕೆಲಸ ಇದ್ದೇ ಇದೆ. ಆಮೇಲೆ ತುಂಬಾ ಕಡಿಮೆಯಾಗುತ್ತದೆ. ಕೆಲಸವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಯಾವ ಯಾವ ಹುಲ್ಲು?

ಮೊದಲ ಹೆಸರು ಗರಿಕೆಯದ್ದೇ. ಚೌತಿಗೆ ಗಣಪತಿಗೆ ಏರಿಸುವ, ಶ್ರಾವಣದ ಚೂಡಿ ಪೂಜೆಗೆ ಕೊಂಕಣಿ ಮನೆಗಳಲ್ಲಿ ಹೂವಿನ ಜೊತೆ ಕಟ್ಟುವ ಅದೇ ಗರಿಕೆ. ನೆಲದ ಮೇಲೆ ಹಬ್ಬುತ್ತದೆ, ಗಂಟುಗಂಟಿಗೆ ಬೇರು ಬಿಡುತ್ತದೆ, ತುಳಿತ ತಡೆಯುತ್ತದೆ. ಒಂದೇ ಹಠ ಅದಕ್ಕೆ: ಪೂರ್ತಿ ಬಿಸಿಲು ಬೇಕು.

ಎರಡನೆಯದು ಹಳೆಯ ಶಾಲೆ ಮೈದಾನಗಳಲ್ಲಿ, ಗುಡ್ಡದ ಕಾಲುದಾರಿಗಳಲ್ಲಿ ಬೆಳೆಯುವ ಗಿಡ್ಡ ಹುಲ್ಲು. ಮಳೆಗಾಲ ಮುಗಿಯುವಾಗ ಅದರ ಬೀಜ ಪ್ಯಾಂಟಿಗೆ, ಸೀರೆಯ ಅಂಚಿಗೆ ಚುಚ್ಚಿಕೊಳ್ಳುತ್ತದಲ್ಲ, ಅದೇ. ಸಸ್ಯಶಾಸ್ತ್ರದಲ್ಲಿ ಕ್ರೈಸೊಪೋಗಾನ್ ಅಸಿಕ್ಯುಲೇಟಸ್. ಗಟ್ಟಿ ನೆಲ, ಹುಳಿ ಮಣ್ಣು, ಜನರ ಓಡಾಟ, ಯಾವುದಕ್ಕೂ ಜಗ್ಗುವುದಿಲ್ಲ. ಹೂಕಡ್ಡಿ ಏಳುತ್ತಿದ್ದಂತೆ ಹೆರೆದರೆ ಚುಚ್ಚುವ ಕಾಟವೂ ಇಲ್ಲ.

ಮೂರನೆಯದು ಪದವಿನ, ಅಂದರೆ ಗುಡ್ಡದ ಮೇಲಿನ ಮುರಕಲ್ಲಿನ ಬಯಲಿನ, ಹುಲ್ಲುಗಳ ದೊಡ್ಡ ಗುಂಪು. ಇಸ್ಕೀಮಂ, ಡೈಮೇರಿಯಾ ಜಾತಿಯವು ಇದರಲ್ಲಿ ಬರುತ್ತವೆ. ಮೊದಲ ಮಳೆಗೆ ಹುಟ್ಟಿ, ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಕಳೆಯುವಾಗ ತೆನೆ ಬಿಟ್ಟು, ದೀಪಾವಳಿ ದಾಟುತ್ತಿದ್ದಂತೆ ಹೊಂಬಣ್ಣಕ್ಕೆ ತಿರುಗುತ್ತವೆ. ಇವನ್ನು ಲಾನ್ ತರಹ ಗಿಡ್ಡಕ್ಕೆ ಇಡಲು ಆಗುವುದಿಲ್ಲ. ನೋಡಲು ಮಾತ್ರ ಬಹಳ ಚಂದ.

ಇಳಿಜಾರಿಗೆ ಲಾವಂಚ. ಹುಲ್ಲಿನ ನಡುವೆ ಮೂರೆಲೆಯ ಪುಟ್ಟ ಬಳ್ಳಿಯೊಂದು, ಸಣ್ಣ ನೇರಳೆ ಹೂವಿನದ್ದು, ತಾನಾಗಿ ಹಬ್ಬುವುದನ್ನು ನೋಡಿರಬಹುದು. ಡೆಸ್ಮೋಡಿಯಂ ಟ್ರೈಫ್ಲೋರಂ ಅಂತ ಹೆಸರು. ಅದನ್ನು ಕೀಳಬೇಡಿ. ದ್ವಿದಳ ಜಾತಿ, ಮಣ್ಣಿಗೆ ಸಾರಜನಕ ಕೊಡುತ್ತದೆ. ವಿಷ್ಣುಕ್ರಾಂತಿ ಬಂದರೂ ಉಳಿಸಿಕೊಳ್ಳಿ, ಅದರ ನೀಲಿ ಹೂವಿಗಾಗಿಯಾದರೂ.

ಬೇಸಿಗೆಯಲ್ಲಿ ಒಣಗಿ ಹೋಗುವುದಿಲ್ವಾ?

ಒಣಗುತ್ತದೆ. ಇದನ್ನು ಒಪ್ಪಿಕೊಳ್ಳುವವರು ಮಾತ್ರ ಈ ಕೆಲಸಕ್ಕೆ ಕೈ ಹಾಕಿ.

ನಮ್ಮ ಕರಾವಳಿಗೆ ವರ್ಷಕ್ಕೆ 3500ರಿಂದ 4000 ಮಿ.ಮೀ. ಮಳೆ ಬರುತ್ತದೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಡಿಸೆಂಬರ್‌ನಿಂದ ಏಪ್ರಿಲ್ ತನಕ ಹೆಚ್ಚುಕಮ್ಮಿ ಸೊನ್ನೆ. ನಾಲ್ಕು ತಿಂಗಳು ನೀರಲ್ಲಿ ಮುಳುಗಿ, ಐದು ತಿಂಗಳು ಒಣಗುವ ಈ ಲೆಕ್ಕಕ್ಕೆ ಇಲ್ಲಿಯ ಹುಲ್ಲುಗಳು ತಮ್ಮದೇ ದಾರಿ ಕಂಡುಕೊಂಡಿವೆ. ಗರಿಕೆಯಂಥ ಬಹುವಾರ್ಷಿಕ ಹುಲ್ಲುಗಳು ಎಲೆ ಒಣಗಿಸಿಕೊಂಡು ಜೀವವನ್ನು ಮಣ್ಣಿನೊಳಗಿನ ಕಾಂಡದಲ್ಲಿ ಇಟ್ಟುಕೊಳ್ಳುತ್ತವೆ. ಪದವಿನ ಒಂದೇ ವರ್ಷದ ಹುಲ್ಲುಗಳು ಬೀಜ ಉದುರಿಸಿ ಸಾಯುತ್ತವೆ. ಎರಡೂ ಜೂನ್‌ಗೆ ಮತ್ತೆ ಎದ್ದು ಬರುತ್ತವೆ, ಯಾರೂ ಕರೆಯದೆ.

ಜನರಿಗೆ ಕಷ್ಟ ಆಗುವುದು ಫೆಬ್ರವರಿಯಿಂದ ಮೇ ತನಕದ ಕಂದು ಬಣ್ಣ. ಮುಂಬೈಯಿಂದಲೋ ದುಬೈಯಿಂದಲೋ ರಜೆಗೆ ಬರುವ ನೆಂಟರು ಇಳಿಯುವುದು ಸರಿಯಾಗಿ ಅದೇ ಹೊತ್ತಿಗೆ, ಏಪ್ರಿಲ್‌ನಲ್ಲಿ. "ಎಂಥ ಮಾರಾಯ್ರೆ, ನೀರೇ ಹಾಕುದಿಲ್ವಾ?" ಅಂತ ಕೇಳಿಯೇ ಕೇಳುತ್ತಾರೆ. ಆಗ ಪೈಪು ಹಿಡಿದುಕೊಂಡು ಓಡಬೇಡಿ. ಒಣಗಿದ ಗರಿಕೆಗೆ ಎರಡು ದಿನ ನೀರು ಹಾಕಿದರೆ ಚಿಗುರು ಬಿಡುತ್ತದೆ, ಮತ್ತೆ ನಿಲ್ಲಿಸಿದರೆ ಆ ಚಿಗುರು ಕರಟುತ್ತದೆ. ಹಾಗೆ ಹತ್ತಾರು ಸಲ ಮಾಡಿದರೆ ಬುಡದಲ್ಲಿ ಕೂಡಿಟ್ಟ ಶಕ್ತಿ ಖಾಲಿ. ನೀರು ಹಾಕುವುದಿದ್ದರೆ ಮಳೆ ಬರುವ ತನಕ ಹಾಕಿ. ಇಲ್ಲವಾದರೆ ಹಾಕಲೇ ಬೇಡಿ.

ಮಧ್ಯದ ದಾರಿಯೂ ಇದೆ. ಸಿಟೌಟಿನ ಎದುರಿಗೆ ಕಾಣುವ ಅರ್ಧ ಸೆಂಟ್ಸ್ ಗರಿಕೆಗೆ ಮಾತ್ರ ನೀರು, ಉಳಿದದ್ದು ಮಳೆಗೆ ಬಿಟ್ಟದ್ದು. ಪಾತ್ರೆ ತೊಳೆದ, ಬಟ್ಟೆ ಜಾಲಿಸಿದ ಕೊನೆಯ ನೀರು ಅಷ್ಟಕ್ಕೆ ಸಾಕಾಗುತ್ತದೆ.

ನೀರು ಎಷ್ಟು ಉಳಿಯುತ್ತದೆ? ಲೆಕ್ಕ ಕೊಡಿ.

ಒಂದು ಸೆಂಟ್ಸ್ ಅಂದರೆ ಸುಮಾರು 40 ಚದರ ಮೀಟರ್. ಬೇಸಿಗೆಯಲ್ಲಿ ಲಾನ್ ಹಸಿರಾಗಿ ಇರಬೇಕಾದರೆ ದಿನಕ್ಕೆ 5 ಮಿ.ಮೀ.ನಷ್ಟು ನೀರು ಬೇಕು ಅಂತ ಇಟ್ಟುಕೊಳ್ಳಿ. ಒಂದು ಚದರ ಮೀಟರಿಗೆ 5 ಲೀಟರ್, ಒಂದು ಸೆಂಟ್ಸಿಗೆ 200 ಲೀಟರ್. ಐದು ಸೆಂಟ್ಸ್ ಲಾನ್ ಇದ್ದರೆ ದಿನಕ್ಕೆ 1000 ಲೀಟರ್. ಮನೆ ಮೇಲಿನ ಒಂದು ಟ್ಯಾಂಕು ದಿನಾ ಹುಲ್ಲಿಗೇ. ಜನವರಿಯಿಂದ ಮೇ ತನಕ ಲೆಕ್ಕ ಹಾಕಿದರೆ 1.5 ಲಕ್ಷ ಲೀಟರ್. ಪಂಪಿನ ಕರೆಂಟಿಗೆ ಮೆಸ್ಕಾಂ ಬಿಲ್ಲು ಬೇರೆ.

ಮಂಗಳೂರಿಗೆ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ನೇತ್ರಾವತಿ, ಸ್ವರ್ಣಾ ಎರಡೂ ಏಪ್ರಿಲ್ ಹೊತ್ತಿಗೆ ಸೊರಗುತ್ತವೆ. 2019ರಲ್ಲಿ, 2023ರಲ್ಲಿ ಮಂಗಳೂರಿನಲ್ಲಿ ರೇಷನ್ ಲೆಕ್ಕದಲ್ಲಿ ನೀರು ಬಿಟ್ಟದ್ದು ಮರೆತಿಲ್ಲ ತಾನೇ? ಬಾವಿ ಇದ್ದವರು "ನಮಗೆ ತೊಂದರೆ ಇಲ್ಲ" ಅನ್ನುತ್ತಾರೆ. ಪಕ್ಕದ ಮನೆಯವರ ಬಾವಿಯೂ ಅದೇ ನೀರಿನ ಮೇಲೆ ನಿಂತಿರುತ್ತದೆ.

ನರ್ಸರಿಯಲ್ಲಿ ಸಿಗುವ ಬಫೆಲೋ ಗ್ರಾಸ್ ಊರದ್ದಲ್ವಾ?

ಅಲ್ಲ. ನಮ್ಮಲ್ಲಿ ಆ ಹೆಸರಿನಲ್ಲಿ ಮಾರುವ ಅಗಲ ಎಲೆಯ ಹುಲ್ಲು ಉಷ್ಣವಲಯದ ಅಮೆರಿಕದ್ದು. ಅರೆನೆರಳಿಗೆ ಒಳ್ಳೆಯದೇ, ಮಳೆಗಾಲದಲ್ಲಿ ದಟ್ಟವಾಗಿ ಬರುತ್ತದೆ. ಆದರೆ ಬೇಸಿಗೆಯಲ್ಲಿ ನೀರು ತಪ್ಪಿದರೆ ತೇಪೆ ತೇಪೆಯಾಗಿ ಸಾಯುತ್ತದೆ. ಈಗಾಗಲೇ ಇದ್ದರೆ ಕಿತ್ತು ಬಿಸಾಡಬೇಕಿಲ್ಲ. ಬಿಸಿಲು ಬೀಳುವ ಕಡೆ ಗರಿಕೆಯನ್ನು ಸೇರಿಸುತ್ತಾ ಬನ್ನಿ, ನೀರು ಕಡಿಮೆ ಮಾಡುತ್ತಾ ಹೋಗಿ. ನಾಲ್ಕೈದು ವರ್ಷದಲ್ಲಿ ಗರಿಕೆಯದ್ದೇ ಮೇಲುಗೈ.

ಎರಡು ಗಿಡಗಳನ್ನು ಮಾತ್ರ ಪುಕ್ಕಟೆ ಕೊಟ್ಟರೂ ತರಬೇಡಿ. ಒಂದು, ಹಳದಿ ಹೂವಿನ ವೆಡೇಲಿಯಾ. ತೋಡಿನ ಬದಿ, ಹೆದ್ದಾರಿ ಬದಿಯಲ್ಲಿ ಅದು ಹೇಗೆ ಎಲ್ಲವನ್ನೂ ಮುಚ್ಚಿಹಾಕಿದೆ ನೋಡಿ. ಇನ್ನೊಂದು, ಕೆಂಪು ಬಾಲದಂಥ ತೆನೆಯ ಫೌಂಟನ್ ಗ್ರಾಸ್. ಆಫ್ರಿಕಾದ ಹುಲ್ಲು. ಬೇರೆ ದೇಶಗಳಲ್ಲಿ ತೋಟದಿಂದ ತಪ್ಪಿಸಿಕೊಂಡು ಗುಡ್ಡ ಹತ್ತಿದ ಚರಿತ್ರೆ ಅದಕ್ಕಿದೆ.

ನಮ್ಮ ಜಾಗಕ್ಕೆ ಯಾವುದು ಸರಿ?

ಮೊದಲು ನಿಮ್ಮ ಜಾಗ ಎಂಥದ್ದು ನೋಡಿ. ಪದವಿನ ಮೇಲಿನ ಮನೆಯಾದರೆ, ಅಂದರೆ ಮಣಿಪಾಲ, ಕೊಣಾಜೆ, ಪದವಿನಂಗಡಿ ಕಡೆಯ ಮುರಕಲ್ಲಿನ ನೆಲ, ಅರ್ಧ ಅಡಿ ಮಣ್ಣಿದ್ದರೆ ಸಾಕು. ಗರಿಕೆ, ಚುಚ್ಚುವ ಹುಲ್ಲು, ಪದವಿನ ಹುಲ್ಲು ಮೂರೂ ಬರುತ್ತವೆ. ಕಲ್ಲು ಎದ್ದು ಕಾಣುವ ಜಾಗವನ್ನು ಒಡೆದು ಸಮ ಮಾಡಿಸಬೇಡಿ. ಮಳೆಗಾಲದಲ್ಲಿ ಅಂಥ ಕಲ್ಲಿನ ತಗ್ಗುಗಳಲ್ಲೇ ನೀಲಿ, ಬಿಳಿ ಪುಟ್ಟ ಹೂಗಳು ಬರುತ್ತವೆ. ಅವುಗಳಲ್ಲಿ ಕೆಲವು ಹುಳ ಹಿಡಿದು ತಿನ್ನುವ ಗಿಡಗಳು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಬೇಕಾ?

ಬೈಲಿನ ಮನೆ ಬೇರೆ. ಗದ್ದೆ ತುಂಬಿಸಿ ಕಟ್ಟಿದ್ದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನೀರು ನಿಂತೇ ನಿಲ್ಲುತ್ತದೆ. ಅಲ್ಲಿ ಗದ್ದೆಯ ಅಂಚಿನ ಹುಲ್ಲುಗಳು ತಾನಾಗಿ ಬರುತ್ತವೆ. ತಂಪು ನೆಲದಲ್ಲಿ ಒಂದೆಲಗವನ್ನೂ (ತುಳುವಿನಲ್ಲಿ ತಿಮರೆ) ಬೆಳೆಯಲು ಬಿಡಿ. ನೆಲವೂ ಮುಚ್ಚುತ್ತದೆ, ತಿಮರೆ ಚಟ್ನಿಗೂ ಆಗುತ್ತದೆ.

ಕಡಲ ಕರೆಯವರಿಗೆ, ಮಲ್ಪೆ, ಕಾಪು, ಸಸಿಹಿತ್ಲು, ಉಳ್ಳಾಲದವರಿಗೆ, ಉಪ್ಪುಗಾಳಿಯೇ ದೊಡ್ಡ ವಿಷಯ. ಮನಿಲಾ ಗ್ರಾಸ್ ಅನ್ನುವ ಝೋಯ್ಸಿಯಾ ಮ್ಯಾಟ್ರೆಲ್ಲಾ ನಮ್ಮ ದೇಶದ ಕಡಲತೀರಕ್ಕೂ ಸೇರಿದ ಹುಲ್ಲು. ಮರಳು, ಉಪ್ಪು ಎರಡನ್ನೂ ತಡೆಯುತ್ತದೆ. ಬೆಳವಣಿಗೆ ಮಾತ್ರ ಬಹಳ ನಿಧಾನ, ತಾಳ್ಮೆ ಬೇಕು. ಮನೆಯ ಎದುರಿಗೆ ಮರಳ ದಿಬ್ಬ ಇದ್ದರೆ ಅದರ ಮೇಲಿನ ರಾವಣನ ಮೀಸೆ ಹುಲ್ಲನ್ನೂ ಅಡಂಬು ಬಳ್ಳಿಯನ್ನೂ ಮುಟ್ಟಲೇ ಬೇಡಿ. ಗಾಳಿಗೆ ಮರಳು ಹಾರದಂತೆ ಹಿಡಿದಿರುವುದು ಅವೇ. ನೋಟಕ್ಕೆ ಅಡ್ಡ ಅಂತ ಅದನ್ನು ಸವರಿಸಿದವರು ಆಮೇಲೆ ಕಲ್ಲು ತಂದು ಹಾಕಿಸುತ್ತಾರೆ.

ಮಾವು, ಹಲಸಿನ ಅಡಿ ದಟ್ಟ ನೆರಳಿದ್ದರೆ ಹುಲ್ಲಿನ ಆಸೆ ಬಿಡಿ. ಉದುರಿದ ಎಲೆ ಹಾಗೇ ಇರಲಿ. ತೆಂಗಿನ ತೋಟದ ಚದುರಿದ ನೆರಳಲ್ಲಿ ಕಾಡಂಚಿನ ಹುಲ್ಲುಗಳು ಬರುತ್ತವೆ, ಗರಿಕೆ ಮಾತ್ರ ಸೊರಗುತ್ತದೆ.

ಧರೆ, ಅಂದರೆ ಗುಡ್ಡ ಕಡಿದ ಬದಿ, ಜರಿಯದಂತೆ ಹುಲ್ಲು ತಡೆಯುತ್ತದಾ?

ಮೇಲ್ಮಣ್ಣು ಕೊಚ್ಚಿ ಹೋಗದಂತೆ ತಡೆಯುತ್ತದೆ. ಅದಕ್ಕೆ ಲಾವಂಚವನ್ನು ಮೀರಿಸಿದ್ದಿಲ್ಲ. ಬೇರು ಅಡ್ಡಕ್ಕೆ ಹೋಗದೆ ನೇರ ಕೆಳಗಿಳಿಯುತ್ತದೆ. ಸಡಿಲ ಮಣ್ಣಿದ್ದರೆ 2ರಿಂದ 3 ಮೀಟರ್ ಆಳಕ್ಕೂ ಹೋಗುತ್ತದೆ. ಇಳಿಜಾರಿಗೆ ಅಡ್ಡವಾಗಿ ಸಾಲು ಹಿಡಿದು, ಗೇಣಿಗಿಂತ ಹತ್ತಿರ ಹತ್ತಿರ, 10ರಿಂದ 15 ಸೆಂ.ಮೀ. ಅಂತರದಲ್ಲಿ ಬುಡ ನೆಡಬೇಕು. ದೂರ ನೆಟ್ಟರೆ ನಡುವೆ ನೀರು ದಾರಿ ಮಾಡಿಕೊಳ್ಳುತ್ತದೆ. ಒಂದೆರಡು ಮಳೆಗಾಲದಲ್ಲಿ ಸಾಲು ಕೂಡಿಕೊಂಡು ಬೇಲಿಯಾಗುತ್ತದೆ. ಮೇಲಿಂದ ಬಂದ ಮಣ್ಣು ಅದರ ಹಿಂದೆಯೇ ನಿಲ್ಲುತ್ತದೆ.

ಆದರೆ ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಹತ್ತಿಪ್ಪತ್ತು ಅಡಿ ಧರೆಗೆ ಹುಲ್ಲು ನೆಟ್ಟು ನಿಶ್ಚಿಂತೆಯಿಂದ ಮಲಗಬೇಡಿ. ಪ್ರತಿ ಮಳೆಗಾಲ ಮಂಗಳೂರು ಸುತ್ತಮುತ್ತ ಗುಡ್ಡ ಜರಿದ ಸುದ್ದಿ ಬರುತ್ತದೆ. ಅಂಥ ಕಡೆ ಎಂಜಿನಿಯರ್‌ಗೆ ತೋರಿಸಿ, ತಡೆಗೋಡೆಯೂ ನೀರು ಹೋಗುವ ದಾರಿಯೂ ಆಗಲೇಬೇಕು. ಲಾವಂಚ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಯಾವಾಗ ನೆಡಬೇಕು?

ಮೇ 24ರ ಹೊತ್ತಿಗೆ ಪತ್ತನಾಜೆ, ತುಳುನಾಡಿನಲ್ಲಿ ಮಳೆಗಾಲ ಹತ್ತಿರ ಬಂತು ಅನ್ನುವ ಗುರುತಿನ ದಿನ. ನೆಲ ತಯಾರಿ ಅಷ್ಟರೊಳಗೆ ಮುಗಿಸಿ. ಮೊದಲ ಒಂದೆರಡು ಒಳ್ಳೆ ಮಳೆ ಬಿದ್ದ ಮೇಲೆ, ಜೂನ್ ಮೊದಲಾರ್ಧದಲ್ಲಿ, ಬುಡ ಮತ್ತು ತುಂಡುಗಳನ್ನು ನೆಡಿ. ಗರಿಕೆಯಾದರೆ ನಾಲ್ಕಾರು ಗಂಟು ಇರುವ ತುಂಡು, ಗೇಣಿಗೊಂದು. ಜುಲೈಯ ಜಡಿಮಳೆಯಲ್ಲಿ ನೆಟ್ಟರೆ ಅರ್ಧ ಕೊಚ್ಚಿಕೊಂಡು ಹೋಗುತ್ತದೆ. ಜೂನ್ ತಪ್ಪಿದರೆ ಆಟಿ ಮುಗಿಯಲಿ. ಆಗಸ್ಟ್ ಕೊನೆಗೆ ನೆಟ್ಟರೆ ಹಿಂಗಾರಿನ ಮಳೆಗೆ ಬೇರು ಹಿಡಿಯುತ್ತದೆ. ಬೇಸಿಗೆಯಲ್ಲಿ ನೆಡುವುದು ಕಂಟ್ರಾಕ್ಟರಿಗೆ ಅನುಕೂಲ, ನಿಮಗಲ್ಲ.

ಬೀಜ ಎಲ್ಲಿ ಸಿಗುತ್ತದೆ?

ಗರಿಕೆ ಬೀಜ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಪೇಟೆಯದ್ದು ಹೆಚ್ಚಾಗಿ ಲಾನ್‌ಗಾಗಿ ಮಾಡಿದ ತಳಿ. ಮನೆ ಹತ್ತಿರದ ಮೈದಾನದ ಅಂಚಿನಿಂದ ಒಂದು ಬುಟ್ಟಿ ತುಂಡು ತಂದರೆ ಅದೇ ಉತ್ತಮ. ಈ ಮಣ್ಣಿಗೆ ಒಗ್ಗಿದ್ದು, ಖರ್ಚೂ ಇಲ್ಲ.

ಪದವಿನ ಹುಲ್ಲಿನ ಬೀಜ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಅಕ್ಟೋಬರ್, ನವೆಂಬರಿನಲ್ಲಿ ತೆನೆ ಒಣಗಿದಾಗ ಕೈಯಲ್ಲೇ ಸವರಿ ತೆಗೆಯಬೇಕು. ಎರಡು ಬೆರಳ ನಡುವೆ ಎಳೆದಾಗ ಸುಲಭವಾಗಿ ಉದುರಿದರೆ ಬೀಜ ಬಲಿತಿದೆ ಅಂತ ಅರ್ಥ. ಒಂದೇ ಜಾಗದಿಂದ ಪೂರ್ತಿ ತೆಗೆಯಬೇಡಿ, ಅಲ್ಲಲ್ಲಿ ಸ್ವಲ್ಪ ಸ್ವಲ್ಪ. ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ಹಾಕಿ ಅಟ್ಟದಲ್ಲಿಡಿ. ಇವುಗಳಲ್ಲಿ ಹಲವು ಕೂಡಲೇ ಮೊಳೆಯುವುದಿಲ್ಲ, ಕೆಲವು ತಿಂಗಳ ನಿದ್ದೆ ಬೇಕು. ಮೇ ಕೊನೆಗೆ ಎರಚಿ, ಮೇಲಿಂದ ತೆಳುವಾಗಿ ಬೈಹುಲ್ಲು ಅಥವಾ ಒಣ ಮಡಲು ಹಾಕಿ. ಇಲ್ಲವಾದರೆ ಮೊದಲ ಮಳೆಗೇ ಬೀಜವೆಲ್ಲ ಪಕ್ಕದವರ ಅಂಗಳಕ್ಕೆ.

ಗುಡ್ಡದಿಂದ ಹುಲ್ಲಿನ ಹೆಂಟೆಯನ್ನೇ ಅಗೆದು ತರುವುದು ಬೇಡ. ಲೇಔಟ್ ಮಾಡಲು ಜೆಸಿಬಿ ಹೊಕ್ಕ ಜಾಗವಿದ್ದರೆ ಮಾತು ಬೇರೆ. ಮಾಲೀಕರನ್ನು ಕೇಳಿ ತನ್ನಿ. ಹೇಗೂ ಮಣ್ಣಡಿ ಹೋಗುವ ಹುಲ್ಲು.

ಮನೆ ಕಟ್ಟಿ ನೆಲ ಕಲ್ಲಿನಂತೆ ಆಗಿದೆ. ಏನು ಮಾಡುವುದು?

ಲಾರಿ, ಜೆಸಿಬಿ ಓಡಾಡಿದ ನೆಲಕ್ಕೆ ಪಿಕ್ಕಾಸು ಹಾಕಲೇಬೇಕು. ನಾಲ್ಕರಿಂದ ಆರು ಇಂಚು ಸಡಿಲ ಮಾಡಿ, ಸಿಮೆಂಟಿನ ಚೂರು ಹೆಕ್ಕಿ. ಸಿಮೆಂಟ್ ಕಲಸಿದ ಜಾಗದ ಮಣ್ಣನ್ನು ತೆಗೆದೇ ಬಿಡಿ. ಒಂದು ತೆಳು ಪದರ ಹಟ್ಟಿಗೊಬ್ಬರ, ಶುರುವಿಗೆ ಮಾತ್ರ.

ಆಮೇಲೆ ಗೊಬ್ಬರವೇ? ಬೇಡ. ಯೂರಿಯಾ ಹಾಕಿದರೆ ಕಳೆ ಕೊಬ್ಬುತ್ತದೆ, ಹೆರೆಯುವ ಖರ್ಚು ಹೆಚ್ಚುತ್ತದೆ.

ವರ್ಷಕ್ಕೆ ಎಷ್ಟು ಸಲ ಹೆರೆಯಬೇಕು?

ಗರಿಕೆಯ ಭಾಗವನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಮಳೆ ಬಿಟ್ಟ ದಿನ ನೋಡಿ. ಬುಡಕ್ಕೆ ಬೋಳಿಸಬೇಡಿ, ಎರಡು ಮೂರು ಇಂಚು ಉಳಿಯಲಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆದರೆ ಹುಲ್ಲು ಸೋಲುತ್ತದೆ, ಆ ಬೋಳು ಜಾಗಕ್ಕೆ ಕಳೆ ಬರುತ್ತದೆ. ಹೆರೆಯಲು ಬರುವವರಿಗೆ ಇದನ್ನು ಹೇಳಿ ಒಪ್ಪಿಸುವುದೇ ಕಷ್ಟ. ನೆಲ ಕೆಂಪಗೆ ಕಾಣದಿದ್ದರೆ ಕೆಲಸ ಮಾಡಿದ ಹಾಗೆ ಅನಿಸುವುದಿಲ್ಲ ಅವರಿಗೆ. ಪಕ್ಕದಲ್ಲಿ ನಿಂತುಕೊಳ್ಳಿ.

ಪದವಿನ ಹುಲ್ಲಿಗೆ ವರ್ಷಕ್ಕೆ ಒಂದೇ ಸಲ. ತುಳಸಿ ಪೂಜೆ ಕಳೆದು ಬೀಜವೆಲ್ಲ ಉದುರಿದ ಮೇಲೆ, ಡಿಸೆಂಬರಿನಲ್ಲಿ. ಅದಕ್ಕೆ ಮೊದಲು ಹೆರೆದರೆ ಮುಂದಿನ ವರ್ಷಕ್ಕೆ ಹುಲ್ಲಿಲ್ಲ, ತೆನೆಗೆ ಬರುವ ರಾಟವಾಳ ಹಕ್ಕಿಗಳೂ ಇಲ್ಲ. ತೀರಾ ತಡ ಮಾಡಿದರೆ ಬೆಂಕಿಯ ಭಯ. ಫೆಬ್ರವರಿಯಲ್ಲಿ ಒಂದು ಬೀಡಿ ತುಂಡು ಸಾಕು.

ಹೆರೆದ ಹುಲ್ಲನ್ನು ಸುಡಬೇಡಿ. ಹಸು ಇರುವವರಿಗೆ ಕೊಡಿ, ಉಳಿದದ್ದು ತೆಂಗಿನ ಬುಡಕ್ಕೆ. ಹೆರೆಯುವ ಮೆಷಿನ್‌ಗೆ ಮುರಕಲ್ಲಿನ ಚೂರು ಸಿಕ್ಕಿದರೆ ಗುಂಡಿನಂತೆ ಹಾರುತ್ತದೆ. ಕನ್ನಡಕ ಹಾಕದೆ ಯಾರನ್ನೂ ಕೆಲಸಕ್ಕೆ ಇಳಿಸಬೇಡಿ. ಕಾರನ್ನೂ ಸ್ವಲ್ಪ ದೂರ ನಿಲ್ಲಿಸಿ.

ಹಾವು ಬರುವುದಿಲ್ವಾ?

ನ್ಯಾಯವಾದ ಪ್ರಶ್ನೆ, ಎಲ್ಲರೂ ಕೇಳುತ್ತಾರೆ. ಹಾವು ಬರುವುದು ಹುಲ್ಲಿಗಾಗಿ ಅಲ್ಲ, ಇಲಿಗೂ ಕಪ್ಪೆಗೂ. ಆದರೆ ಎತ್ತರದ ಹುಲ್ಲಿನಲ್ಲಿ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ತೊಂದರೆ ಅಲ್ಲಿ. ಒಣ ಹುಲ್ಲಲ್ಲಿ ಕನ್ನಡಿ ಹಾವು, ಅಂದರೆ ಕೊಳಕುಮಂಡಲ, ಮಲಗಿದ್ದರೆ ಹತ್ತಿರ ಹೋದರೂ ಗೊತ್ತಾಗುವುದಿಲ್ಲ.

ಹಾಗಾಗಿ ಮನೆ ಗೋಡೆಯಿಂದ ನಾಲ್ಕೈದು ಅಡಿ ಜಾಗ ಪೂರ್ತಿ ಗಿಡ್ಡವಿರಲಿ ಅಥವಾ ಜಲ್ಲಿ ಹಾಕಿ. ಗೇಟಿನಿಂದ ಬಾಗಿಲಿಗೆ, ಬಾವಿಗೆ, ಬಟ್ಟೆ ಒಣಹಾಕುವ ಕಡೆಗೆ ಹೋಗುವ ದಾರಿಗಳೂ ಹಾಗೆಯೇ. ಎತ್ತರದ ಹುಲ್ಲು ಕಂಪೌಂಡಿನ ಬದಿಗೆ ಮಾತ್ರ. ಮರದ ತುಂಡು, ಹಳೆ ಹಂಚು, ಕಲ್ಲಿನ ರಾಶಿ ಇಡಬೇಡಿ. ಹುಲ್ಲಿಗಿಂತ ಅವೇ ಹಾವಿಗೆ ಒಳ್ಳೆ ಮನೆ. ರಾತ್ರಿ ಟಾರ್ಚ್, ಕಾಲಿಗೆ ಚಪ್ಪಲಿ. ಕಚ್ಚಿದರೆ ಮದ್ದು, ಮಂತ್ರ ಅಂತ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ.

ಅಂಗಳದಲ್ಲಿ ತೆವಳುವ ಮಗು ಇದ್ದರೆ ಎತ್ತರದ ಹುಲ್ಲನ್ನು ಸದ್ಯಕ್ಕೆ ಕೈಬಿಡಿ. ಗರಿಕೆ ಸಾಕು.

ಸೊಳ್ಳೆ, ಉಣ್ಣಿ?

ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಲ್ಲಿ. ಹೂಕುಂಡದ ತಟ್ಟೆ, ತೆಂಗಿನ ಗೆರಟೆ, ಹಳೆ ಟಯರು ನೋಡಿಕೊಳ್ಳಿ. ಉಣ್ಣಿ ನಾಯಿ, ದನದ ಮೂಲಕ ಬರುತ್ತದೆ, ನಾಯಿಗೆ ಔಷಧ ಹಾಕಿಸಿ.

ಮಕ್ಕಳು ಆಡಬಹುದಾ?

ಗರಿಕೆಯ ಮೇಲೆ ಧಾರಾಳವಾಗಿ. ಬೌಲಿಂಗ್ ಹಾಕುವ ಜಾಗ ಬೋಳಾಗುತ್ತದೆ, ಆಗಲಿ ಬಿಡಿ. ಮಳೆ ಬಂದರೆ ಮುಚ್ಚಿಕೊಳ್ಳುತ್ತದೆ.

ಯಾವುದನ್ನು ಕೀಳಬೇಕು?

ನಾಚಿಕೆಮುಳ್ಳನ್ನು ಸಣ್ಣದಿರುವಾಗಲೇ, ಮಣ್ಣು ಒದ್ದೆ ಇರುವಾಗ ಬೇರು ಸಮೇತ. ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲು, ಅಂದರೆ ನವೆಂಬರ್ ಒಳಗೆ. ಕೊನ್ನಾರಿ ನೋಡಲು ಹುಲ್ಲಿನಂತೆ ಇದ್ದರೂ ಹುಲ್ಲಲ್ಲ, ಕಾಂಡ ಮುಟ್ಟಿದರೆ ಮೂರು ಮೂಲೆ ಸಿಗುತ್ತದೆ. ಕೆಳಗೆ ಗೆಡ್ಡೆ ಇರುವುದರಿಂದ ಎಳೆದರೆ ಮತ್ತೆ ಬರುತ್ತದೆ. ಅದರ ಜೊತೆ ಯುದ್ಧಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಗರಿಕೆ ದಟ್ಟವಾದ ಕಡೆ ಬಿಸಿಲು ಸಿಗದೆ ತಾನೇ ಸೊರಗುತ್ತದೆ.

ಕಳೆನಾಶಕ ಹೊಡೆಯಬೇಡಿ. ಬೇಕಾದ ಹುಲ್ಲೂ ಸಾಯುತ್ತದೆ. ನಮ್ಮ ಬಾವಿಗಳು ಅಂಗಳದಲ್ಲೇ ಇವೆ, ಅದೂ ನೆನಪಿರಲಿ.

ಇಂಟರ್‌ಲಾಕ್ ಹಾಕಿಸಿ ಆಗಿದೆ. ಈಗ?

ಕಾರು ನಿಲ್ಲುವಷ್ಟು ಬಿಟ್ಟು ಉಳಿದದ್ದನ್ನು ಎಬ್ಬಿಸಬಹುದು. ಅಡಿಯ ಜಲ್ಲಿಹುಡಿ ತೆಗೆದು ಆರು ಇಂಚು ಮಣ್ಣು ಹಾಕಿದರೆ ಆಯಿತು. ಒಂದು ಸೆಂಟ್ಸ್ ಜಾಗಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 1.4 ಲಕ್ಷ ಲೀಟರ್. ಅಷ್ಟೂ ಇಂಗುವುದಿಲ್ಲ ನಿಜ. ಆದರೆ ಇಂಟರ್‌ಲಾಕ್ ಮೇಲೆ ಬಿದ್ದದ್ದು ಬಹುಪಾಲು ರಸ್ತೆಗೆ, ಅಲ್ಲಿಂದ ಕೆಳಗಿನ ಮನೆಯವರ ಗೇಟಿನೊಳಗೆ. ಬಾವಿ ಏಪ್ರಿಲ್‌ಗೇ ಬತ್ತುತ್ತದೆ ಅಂತ ಗೊಣಗುವವರು ಮೊದಲು ತಮ್ಮ ಅಂಗಳ ನೋಡಲಿ.

ಅಕ್ಕಪಕ್ಕದವರು, ಅಪಾರ್ಟ್‌ಮೆಂಟ್‌ನವರು "ಕಾಡು ಬೆಳೆಸಿದ್ದಾರೆ" ಅಂದರೆ?

ಅನ್ನುತ್ತಾರೆ. ಅದಕ್ಕೆ ಸುಲಭದ ಉಪಾಯ ಅಂಚು. ಎತ್ತರದ ಹುಲ್ಲಿನ ಸುತ್ತ ಎರಡಡಿ ಅಗಲಕ್ಕೆ ಗರಿಕೆಯನ್ನು ಚೊಕ್ಕವಾಗಿ ಹೆರೆದಿಡಿ, ಅಥವಾ ಮುರಕಲ್ಲಿನ ಒಂದು ಸಾಲು ಕಟ್ಟಿ. ಬೇಕೆಂದೇ ಬೆಳೆಸಿದ್ದು ಅಂತ ಕಂಡರೆ ಅರ್ಧ ಮಾತು ನಿಲ್ಲುತ್ತದೆ. ಅಸೋಸಿಯೇಶನ್ ಮೀಟಿಂಗಿನಲ್ಲಿ ಚಿಟ್ಟೆ, ಹಕ್ಕಿ ಅಂತ ಹೇಳಿ ಪ್ರಯೋಜನವಿಲ್ಲ. ಟ್ಯಾಂಕರ್ ಬಿಲ್ಲು ತೋರಿಸಿ.

ಬೀದಿ ದನ ನುಗ್ಗಿ ತಿಂದರೆ?

ಗರಿಕೆಯನ್ನು ತಿಂದರೆ ನಷ್ಟವಿಲ್ಲ, ಹೆರೆಯುವ ಕೂಲಿ ಉಳಿಯಿತು. ಹೊಸದಾಗಿ ನೆಟ್ಟ ಮೊದಲ ಮಳೆಗಾಲ ಮಾತ್ರ ಗೇಟು ಹಾಕಿಡಿ. ಬೇರು ಹಿಡಿಯುವ ಮೊದಲು ಎಳೆದರೆ ಬುಡ ಸಮೇತ ಬರುತ್ತದೆ. ಬಲಿತ ಲಾವಂಚದ ಎಲೆ ಒರಟು, ಬೇರೆ ಮೇವು ಇರುವಾಗ ದನ ಅದಕ್ಕೆ ಬಾಯಿ ಹಾಕುವುದು ಕಡಿಮೆ. ಕಂಪೌಂಡ್ ಇಲ್ಲದ ಕಡೆ ಅದನ್ನೇ ಹೊರಗಿನ ಸಾಲಿಗೆ ನೆಡಬಹುದು.